ನಾಲ್ಕು ತಾಲ್ಲೂಕುಗಳ ಆಸ್ಪತ್ರೆಯ ಹಾದಿ

ಚನ್ನಗಿರಿಯ ಅಡಿಕೆ ತೋಟಗಳು, ಹೊನ್ನಾಳಿಯ ತುಂಗಭದ್ರೆಯ ತೀರ, ನ್ಯಾಮತಿಯ ಮೆಕ್ಕೆಜೋಳದ ಹೊಲಗಳು, ಜಗಳೂರಿನ ಬರದ ಬಯಲು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ನೆಲದ ಗುಣ ಬೇರೆಬೇರೆ. 1997ರಲ್ಲಿ ಜಿಲ್ಲೆ ರಚನೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ.

ಈ ಊರುಗಳ ಸರ್ಕಾರಿ ಆಸ್ಪತ್ರೆಗಳ ಪಡಸಾಲೆಯಲ್ಲಿ ಕುಳಿತಾಗ, ರೋಗಿಯ ಸಮಾಧಾನವನ್ನು ಹಾಸಿಗೆಗಳ ಎಣಿಕೆಯಿಂದಷ್ಟೇ ಅಳೆಯಲಾಗದೆಂಬುದು ನಮಗೆ ಮನವರಿಕೆಯಾಗುತ್ತದೆ. ಚೀಟಿಗಾಗಿ ಎಷ್ಟು ಹೊತ್ತು ಕಾಯಬೇಕಾಯಿತು? ಶೌಚಾಲಯ ಶುಚಿಯಾಗಿತ್ತೇ? ಗುಳಿಗೆ ನುಂಗುವ ಕ್ರಮವನ್ನು ತಿಳಿಸಿಕೊಟ್ಟರೇ? ಮನೆಗೆ ಮರಳಿದವರು ಮೊದಲು ಹೇಳುವುದು ಇವನ್ನೇ.

ರೋಗ ಉಲ್ಬಣಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ ಶಿವಮೊಗ್ಗವೋ ಗತಿ. "ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ" ಎಂಬ ಒಂದೇ ಮಾತಿಗೆ ಬಂಧುಗಳ ಎದೆ ಒಡೆಯುತ್ತದೆ. 2008ರಿಂದ 108ರ ವಾಹನವೇನೋ ಇದೆ. ಏಕೆ ಕಳುಹಿಸುತ್ತಿದ್ದಾರೆ, ಅಲ್ಲಿ ಯಾರನ್ನು ಕಾಣಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಸರ್ಕಾರಿ ಆಸ್ಪತ್ರೆಗಳಿಗಾಗಿ ರೂಪಿಸಿದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳ 8 ವಿಭಾಗಗಳಲ್ಲಿ ಒಂದು ರೋಗಿಯ ಹಕ್ಕುಗಳಿಗೇ ಮೀಸಲು. ಆದುದರಿಂದ ವಿವರಣೆ ಕೇಳುವುದು ಉದ್ಧಟತನವಲ್ಲ. ಮನೆಯ ಹಿರಿಯರನ್ನು ಕರೆದೊಯ್ಯುವ ಓದುಗ ಬಂಧುಗಳು ವಿನಯದಿಂದ, ಆದರೆ ಅಂಜದೆ ಕೇಳಲಿ; ಸಿಬ್ಬಂದಿ ಸಹನೆಯಿಂದ ಉತ್ತರಿಸಲಿ.