ನೋಡಲು ಹೋಗುವವರ ಧರ್ಮ

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪದೇಶವನ್ನು ನಮ್ಮ ದೇಶದಲ್ಲಿ ಕೇಳದವರಿಲ್ಲ. ಮನೆಯವನ ಧರ್ಮವೇನೆಂಬುದನ್ನು ಹಿರಿಯರು ಹೀಗೆ ಸ್ಪಷ್ಟವಾಗಿಯೇ ಹೇಳಿದರು. ಆದರೆ ಬಂದವನ ಧರ್ಮವೇನು? ತಿಥಿಯನ್ನು ಗೊತ್ತುಪಡಿಸದೆ ಬರುವವನೇ ಅತಿಥಿಯೆಂದು ಆ ಶಬ್ದಕ್ಕೆ ಅರ್ಥ ಹೇಳುವುದುಂಟು. ಹಾಗೆ ನೋಡಿದರೆ ಈ ಕಾಲದ ಪ್ರವಾಸಿಗರೆಲ್ಲರೂ ಅತಿಥಿಗಳೇ. ಹಳೆಯ ಊರೆಂದು, ಗುಡಿಗುಮ್ಮಟಗಳ ಊರೆಂದು ನಾವು ಕುತೂಹಲದಿಂದ ನೋಡಹೋಗುವ ಪ್ರತಿಯೊಂದು ಸ್ಥಳವೂ ಯಾರದೋ ಮನೆ, ಯಾರದೋ ಪೂಜಾಸ್ಥಾನ, ಇಲ್ಲವೆ ಯಾರದೋ ಸಮಾಧಿ. ಈ ಮಾತನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ. ನಾವೇ ಮಾಡಿದ ಒಂದು ತಪ್ಪಿನಿಂದ ಕಲಿತೆವು.

ಮೂವತ್ತು ವರ್ಷಗಳಿಗೂ ಹಿಂದಿನ ಸಂಗತಿ. ಆಗ ನಾವು ಜಮಖಂಡಿಯ ಕಡೆಯ ಒಂದು ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದ ತರುಣ ಉಪಾಧ್ಯಾಯರು. ಚಳಿಗಾಲದಲ್ಲಿ ನಾಲ್ವತ್ತು ಹುಡುಗರನ್ನು ಕರೆದುಕೊಂಡು ಗೋಲಗುಮ್ಮಟವನ್ನು ನೋಡಲು ಹೋದೆವು. ಆ ಊರಿಗೆ ಆಗ ಬಿಜಾಪುರವೆಂದು ಹೆಸರು. ವಿಜಯಪುರವೆಂಬ ಹೆಸರು 2014ರ ನವೆಂಬರ್ ತಿಂಗಳಿನಿಂದ ರೂಢಿಗೆ ಬಂದಿತು. ಮಹಮ್ಮದ್ ಆದಿಲಶಾಹನು 1627ರಿಂದ 1656ರ ವರೆಗೆ ಆಳಿದನೆಂದೂ, ಗುಮ್ಮಟದ ಒಳವ್ಯಾಸವು ಸುಮಾರು 124 ಅಡಿಗಳೆಂದೂ, ನಡುವೆ ಒಂದು ಕಂಬವೂ ಇಲ್ಲವೆಂದೂ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆವು. ಮೇಲಿನ ಮೊಗಸಾಲೆಯನ್ನು ಸೇರಿದೊಡನೆ ಒಬ್ಬೊಬ್ಬನೂ ತನ್ನ ಹೆಸರನ್ನು ಕೂಗಿ ಪ್ರತಿಧ್ವನಿಯನ್ನು ಎಣಿಸಬೇಕೆಂದು ಅಪ್ಪಣೆ ಮಾಡಿದೆವು. ಅಷ್ಟಕ್ಕೆ ನಿಲ್ಲದೆ, ನಾವೇ ಒಂದು ಶ್ಲೋಕವನ್ನು ಗಟ್ಟಿಯಾಗಿ ಹೇಳಿ, ನಮ್ಮ ಕಂಠವು ಗುಮ್ಮಟವನ್ನೆಲ್ಲ ತುಂಬಿ ಮರಳಿ ಬರುವುದನ್ನು ಕೇಳಿ ಸಂತೋಷಪಟ್ಟೆವು.

ಕೆಳಗಿಳಿದು ಬಂದಾಗ, ಕಟಾಂಜನದ ಬಳಿ ಕೈಯಲ್ಲಿ ಹೂವು ಹಿಡಿದು ನಿಂತಿದ್ದ ಒಬ್ಬ ವೃದ್ಧ ಮುಸಲ್ಮಾನ ಗೃಹಸ್ಥರು ನಮ್ಮನ್ನು ನೋಡಿ, ಸಿಟ್ಟಿಲ್ಲದ ದನಿಯಿಂದ, “ಗುರುಗಳ, ಇದು ಗೋರಿ ಅಂತ ಮಕ್ಕಳಿಗೆ ಹೇಳೀರೇನ್ರಿ?” ಎಂದು ಕೇಳಿದರು. ನಾವು ಉತ್ತರ ಹೇಳಲಾರದೆ ಹೋದೆವು. ಅಡಿ ಅಂಗುಲಗಳನ್ನೆಲ್ಲ ಹೇಳಿದ್ದೆವು; ಆ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಕಟ್ಟೆಯ ಮೇಲೆ ಕಾಣುವವು ಕುರುಹಿನ ಗೋರಿಗಳು. ಅರಸನೂ ಅವನ ಮನೆಯವರೂ ಅದರ ಕೆಳಗಿನ ನೆಲಮಾಳಿಗೆಯಲ್ಲಿ ಮಲಗಿರುವರು. ಅವರ ತಲೆಯ ಮೇಲೆ ನಿಂತು ನಾವು ಕೂಗಿದ್ದೆವು. ಆ ಪ್ರಶ್ನೆಯು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ತಂಗಿಯ ಮಗಳು, ಅವಳ ಯಜಮಾನರು, ಮಕ್ಕಳಿಬ್ಬರು ಬೆಂಗಳೂರಿನಿಂದ ಜಮಖಂಡಿಗೆ ಬಂದರು. ಅವರ ಕೈಯಲ್ಲಿ ಒಂದು ಪಟ್ಟಿಯಿತ್ತು. ಎರಡು ದಿನಗಳಲ್ಲಿ ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳನ್ನು ಮುಗಿಸಿ ಹಿಂದಿರುಗುವ ಸಂಕಲ್ಪ. “ಮಾಮಾ, ಟೈಮ್ ಬಹಳ ಕಡಿಮೆ ಇದೆ” ಎಂದು ಅವಳು ಮೊದಲೇ ಹೇಳಿಬಿಟ್ಟಳು. ಗೋಲಗುಮ್ಮಟದ ಹಳೆಯ ಕಥೆಯನ್ನು ಅವಳಿಗೆ ತಿಳಿಸಿ, ನಮ್ಮ ಸುತ್ತಿನ ನಾಲ್ಕು ಊರುಗಳಿಗಾಗಿ ಎರಡು ದಿನಗಳನ್ನು ಬೇಡಿಕೊಂಡೆವು. ಸೋದರಮಾವನ ಮಾತೆಂದು ಒಪ್ಪಿದರು. ಪಟ್ಟಿಯಿಂದ ಮೂರು ಹೆಸರುಗಳು ಹೋದವು. ಹೆಚ್ಚು ಊರುಗಳನ್ನು ನೋಡಿದವನು ಹೆಚ್ಚು ನೋಡಿದವನಲ್ಲವೆಂಬುದೇ ಪ್ರವಾಸದ ಮೊದಲನೆಯ ಪಾಠ.

ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮಕ್ಕಳಿಗೆ ರಾಮತೀರ್ಥವನ್ನು ತೋರಿಸಿ, ಉಪನಿಷತ್ತುಗಳ ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ಬರೆದ ಗುರುದೇವ ರಾ. ದ. ರಾನಡೆಯವರು 1886ರಲ್ಲಿ ಈ ಊರಿನಲ್ಲಿ ಹುಟ್ಟಿದರೆಂದೂ, ಭಾರತದ ಉಪರಾಷ್ಟ್ರಪತಿಗಳಾಗಿದ್ದ ಬಿ. ಡಿ. ಜತ್ತಿಯವರು ಹತ್ತಿರದ ಸಾವಳಗಿಯವರೆಂದೂ ಹೇಳಿದೆವು. ಊರಿನ ಒಬ್ಬಿಬ್ಬರು ದೊಡ್ಡವರ ಹೆಸರು ತಿಳಿದರೆ, ಬಂದವನು ಬೀದಿಯಲ್ಲಿ ನಡೆಯುವ ಕ್ರಮವೇ ಬೇರೆಯಾಗುವುದು.

ಅಲ್ಲಿಂದ ಮುಧೋಳಕ್ಕೆ ಹೋದೆವು. ಹೋಟೆಲಿನಲ್ಲಿ ಬಡಿಸುತ್ತಿದ್ದವನು, “ಇನ್ನೊಂದು ರೊಟ್ಟಿ ಹಾಕ್ಲೇನ್ರಿ? ಬ್ಯಾಡ ಅನಬ್ಯಾಡ್ರಿ” ಎಂದು ಉಪಚರಿಸಲು, ಹನ್ನೆರಡು ವರ್ಷದ ಹುಡುಗನು ಆ ಮಾತನ್ನು ಅಣಕಿಸಿ ನಕ್ಕನು. ಬಡಿಸುವವನೂ ನಕ್ಕನು, ಆದರೆ ಆ ಬಳಿಕ ನಮ್ಮ ಪಂಕ್ತಿಯಲ್ಲಿ ಅವನು ಹೆಚ್ಚು ಮಾತನಾಡಲಿಲ್ಲ. ದಕ್ಷಿಣದಿಂದ ಬರುವವರು ಅರಿಯದೆ ಮಾಡುವ ತಪ್ಪುಗಳಲ್ಲಿ ಇದು ಬಹು ಸಾಮಾನ್ಯವಾದುದು. ಊಟವಾದ ಮೇಲೆ ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದೆವು: “ಮಗು, ಕವಿಚಕ್ರವರ್ತಿ ರನ್ನನು ಈ ಸೀಮೆಯವನು. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿ, ಗದಾಯುದ್ಧವನ್ನು ಬರೆದನು. ಅವನಿಗಿಂತಲೂ ಹಿಂದೆ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ಕಿಸುವೊಳಲನ್ನು, ಎಂದರೆ ಇಲ್ಲಿಗೆ ಸಮೀಪದ ಪಟ್ಟದಕಲ್ಲನ್ನು ಹೆಸರಿಸಿತು. ನೀನು ನಕ್ಕುದು ಆ ನಾಡಿನ ನುಡಿಗೆ.” ಹುಡುಗನು ಏನೂ ಹೇಳಲಿಲ್ಲ, ಹೊರಡುವಾಗ ಬಡಿಸಿದವನ ಬಳಿಗೆ ತಾನಾಗಿಯೇ ಹೋಗಿ, “ರೊಟ್ಟಿ ಚೆನ್ನಾಗಿತ್ತು ಅಣ್ಣಾ” ಎಂದು ಹೇಳಿ ಬಂದನು.

ಮುಧೋಳವೆಂದರೆ ನಾಯಿಗಳನ್ನು ನೋಡದೆ ಬರುವವರಿಲ್ಲ. ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಈ ಬೇಟೆನಾಯಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆಯೂ ಬಂದಿತು. ಹುಡುಗಿಯು ಅಪ್ಪಿಕೊಂಡು ಚಿತ್ರ ತೆಗೆಸಿಕೊಳ್ಳಬೇಕೆಂದು ಮುಂದಾಗಲು, ಸಾಕಿದವನು ತಡೆದು, ಅಪರಿಚಿತರು ಮೈಮುಟ್ಟುವುದು ಈ ಜಾತಿಯ ನಾಯಿಗೆ ಸೇರದೆಂದು ಹೇಳಿದನು. ದೂರ ನಿಂತು ನೋಡಿದಳು. ಪ್ರಾಣಿಯು ತನ್ನ ಮನಸ್ಸನ್ನು ಹಲ್ಲಿನಿಂದ ತಿಳಿಸಬಲ್ಲುದು. ಮನುಷ್ಯರು ದಾಕ್ಷಿಣ್ಯದಿಂದ ಸುಮ್ಮನಿರುವರು. ಇದು ಅದೇ ದಿನ ಸಂಜೆ ಬನಹಟ್ಟಿಯಲ್ಲಿ ನಮಗೆ ಚೆನ್ನಾಗಿ ತಿಳಿಯಿತು.

ರಬಕವಿ ಬನಹಟ್ಟಿಗಳು ನೇಕಾರರ ಜೋಡಿ ಊರುಗಳು. ಕೈಮಗ್ಗಗಳು ಕಡಿಮೆಯಾಗಿ ವಿದ್ಯುತ್ ಮಗ್ಗಗಳು ಹೆಚ್ಚಿರುವುದರಿಂದ ಓಣಿಯನ್ನು ಹೊಕ್ಕೊಡನೆ ಅವುಗಳ ಸಪ್ಪಳವೇ ಎದುರುಗೊಳ್ಳುವುದು. ನಮ್ಮಲ್ಲಿ ಹಿಂದೆ ಓದಿದ ಒಬ್ಬ ಶಿಷ್ಯನ ಮನೆಯಲ್ಲಿ ಇನ್ನೂ ಕೈಮಗ್ಗವಿದೆ. ನೆಲದ ಗುಣಿಯಲ್ಲಿ ಕಾಲಿಟ್ಟು ಕುಳಿತು ಅವನು ಸೀರೆ ನೇಯುತ್ತಿದ್ದನು. ಮೂಲೆಯಲ್ಲಿ ಅವನ ತಾಯಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ನಮ್ಮನ್ನು ಕಂಡೊಡನೆ ಲಾಳಿಯನ್ನು ಬಿಟ್ಟು ಎದ್ದನು. ಅಷ್ಟರಲ್ಲಿ ನಮ್ಮ ಸೊಸೆಯು ಯಾರನ್ನೂ ಕೇಳದೆ ಮೊಬೈಲನ್ನು ಆ ಮುದುಕಿಯ ಮುಖಕ್ಕೆ ಹಿಡಿದಳು. ಮುದುಕಿಯು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಮುಖ ತಿರುಗಿಸಿದಳು, ರಾಟೆ ನಿಂತಿತು. ಚಿಕ್ಕ ಹುಡುಗಿಯು ಹಾಸಿನ ಎಳೆಗಳ ಮೇಲೆ ಬೆರಳಾಡಿಸಹೋದಳು. ಒಂದು ಎಳೆ ಹರಿದರೂ ಅದನ್ನು ಹುಡುಕಿ ಗಂಟು ಹಾಕುವ ತನಕ ಕೆಲಸ ನಡೆಯದೆಂದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಹೇಳಿಕೊಡಬೇಕಾದವರು ನಾವು, ಅಂದೂ ಹೇಳಿರಲಿಲ್ಲ.

ಅಳಿಯಂದಿರು ಮಗ್ಗದ ಮೇಲಿನ ಸೀರೆಯ ಬೆಲೆಯನ್ನು ಕೇಳಿ, ಬೆಂಗಳೂರಿನ ಅಂಗಡಿಯಲ್ಲಿ ಇದಕ್ಕಿಂತ ಅಗ್ಗವಾಗಿ ಸಿಕ್ಕುವುದೆಂದು ಚೌಕಾಶಿಗೆ ಆರಂಭಿಸಿದರು. ಶಿಷ್ಯನು ತಲೆ ತಗ್ಗಿಸಿ, “ಈ ಸೀರಿ ನಂದಲ್ರಿ ಸಾಹೇಬ್ರ. ನೂಲು ಮಾಲಕರದು, ಸೀರೀನೂ ಮಾಲಕರದು. ನಂದು ಕೈ ಅಷ್ಟ” ಎಂದನು. ನೂಲನ್ನು ಒಡೆಯನಿಂದ ತಂದು, ನೇಯ್ದ ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ನೇಕಾರರು ಈ ಊರುಗಳಲ್ಲಿ ಅನೇಕರುಂಟು. ಅಂತಹವನ ಮುಂದೆ ಚೌಕಾಶಿ ಮಾಡಿದರೆ, ಅವನಲ್ಲಿ ಇಲ್ಲದುದನ್ನು ಮನೆಯವರ ಎದುರಿಗೆ ಹೇಳಿಸಿದಂತಾಗುವುದು. ಅಳಿಯಂದಿರ ಮುಖವು ಸಣ್ಣದಾಯಿತು, ಕ್ಷಮೆ ಕೇಳಿದರು. ನಮ್ಮ ಸೊಸೆಯು ಮುದುಕಿಯ ಬಳಿ ನೆಲದ ಮೇಲೆ ಕುಳಿತು, ಮೊಬೈಲನ್ನು ಚೀಲಕ್ಕೆ ಹಾಕಿ, “ಅಮ್ಮಾ, ನನಗೂ ಸುತ್ತುವುದನ್ನು ತೋರಿಸುವಿರಾ?” ಎಂದು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಆ ತಾಯಿಯೇ, “ಈಗ ಬೇಕಾರ ಫೋಟೋ ತಗೀವಾ” ಎಂದಳು. ಚಹ ಕುಡಿದು ಬೇಗನೆ ಎದ್ದೆವು. ನಾವು ಕುಳಿತಷ್ಟು ಹೊತ್ತೂ ಮಗ್ಗವು ನಿಂತಿರುವುದಷ್ಟೆ. ಸೀರೆಗಳನ್ನು ನೇಕಾರರ ಸಹಕಾರಿ ಸಂಘದ ಅಂಗಡಿಯಲ್ಲಿ, ಬರೆದ ಬೆಲೆಗೇ ಕೊಂಡೆವು.

ಮರುದಿನ ಬೀಳಗಿಗೆ ಹೋದೆವು. ಸಿದ್ಧೇಶ್ವರನ ದರ್ಶನವನ್ನು ಮಾಡಿ, ಆರೆತ್ತಿನ ಬಾವಿಯೆಂಬ ಹಳೆಯ ಕಲ್ಲುಬಾವಿಯನ್ನು ನೋಡಿದೆವು. ಹುಡುಗನು ಆಳವನ್ನು ತಿಳಿಯಲು ಕಲ್ಲನ್ನು ಎತ್ತಿಕೊಂಡವನು ನಮ್ಮ ಮುಖವನ್ನು ನೋಡಿ ತಾನೇ ಕೆಳಗಿಟ್ಟನು. ಸಂಜೆ ಮಕ್ಕಳು ಕೃಷ್ಣೆಯ ಹಿನ್ನೀರನ್ನು ಕಂಡು ಸಮುದ್ರವೆಂದು ಕುಣಿದಾಡಿದರು. ನಿಜವಾಗಿಯೂ ಸೊಗಸಾದ ನೋಟವೇ ಅದು. ಸಮೀಪದ ಚಹದಂಗಡಿಯ ಕಟ್ಟೆಯ ಮೇಲೆ ಒಬ್ಬ ಅಜ್ಜನು ಕುಳಿತಿದ್ದನು. ಹುಡುಗಿಯು, “ಅಜ್ಜಾ, ನಿಮ್ಮ ಊರು ಇದೇನಾ?” ಎಂದು ಕೇಳಿದಳು. “ನಮ್ಮೂರು ನೀರಾಗ ಐತವ್ವಾ” ಎಂದು ಅವನು ಅವಳು ನೋಡುತ್ತಿದ್ದ ಕಡೆಗೇ ಕೈ ತೋರಿಸಿದನು. ಆಲಮಟ್ಟಿಯ ಅಣೆಕಟ್ಟಿನಿಂದ ಈ ತಾಲೂಕಿನ ಅನೇಕ ಹಳ್ಳಿಗಳು ಮುಳುಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ಹೋಗಿ ನೆಲೆಸಬೇಕಾಯಿತು. ಆ ನೀರಿನಿಂದ ಎಷ್ಟೋ ಹೊಲಗಳು ಹಸಿರಾಗಿರುವುದೂ ನಿಜ. ಅಜ್ಜನ ಮನೆಯೂ ಗುಡಿಯೂ ಅದರ ಕೆಳಗಿರುವುದೂ ನಿಜ. ನಮಗೆ ಸೊಗಸಾಗಿ ಕಾಣುವುದೆಲ್ಲ ಅಲ್ಲಿಯವರಿಗೂ ಸೊಗಸಾಗಿರಬೇಕೆಂಬ ನಿಯಮವಿಲ್ಲ. ನಾವೆಲ್ಲರೂ ಆ ಅಜ್ಜನ ಪಕ್ಕದಲ್ಲಿ ಕುಳಿತು, ಮುಳುಗಿದ ಊರಿನಲ್ಲಿ ಜಾತ್ರೆ ಹೇಗೆ ನಡೆಯುತ್ತಿತ್ತೆಂಬುದನ್ನು ಕತ್ತಲಾಗುವ ತನಕ ಕೇಳಿದೆವು.

ಮೂರನೆಯ ದಿನ ನಸುಕಿನಲ್ಲಿಯೇ ವಿಜಯಪುರಕ್ಕೆ ಹೊರಟೆವು. ದಾರಿಯಲ್ಲಿ ಚಿಕ್ಕಪಡಸಲಗಿಯ ಬಳಿ, 1989ರಲ್ಲಿ ರೈತರು ತಾವೇ ಹಣವನ್ನು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಕಟ್ಟಿದ ಬ್ಯಾರೇಜನ್ನು ಮಕ್ಕಳಿಗೆ ತೋರಿಸಿದೆವು. ಗೋಲಗುಮ್ಮಟದ ಬಾಗಿಲಲ್ಲಿ ಆಗಿನ್ನೂ ಗುಂಪು ಸೇರಿರಲಿಲ್ಲ. ಮೇಲಕ್ಕೆ ಹತ್ತುವ ಮೊದಲು ಗೋರಿಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಅರಸನೂ ಅವನ ಮನೆಯವರೂ ಇಲ್ಲಿಯೇ ಕೆಳಗೆ ಮಲಗಿರುವರೆಂದು ಹೇಳಿದೆವು. ಅಂದು ಹೇಳದ ಮಾತನ್ನು ಇಂದು ಹೇಳಿದೆವು. ಕೇಳಬೇಕಾಗಿದ್ದ ಆ ಹಿರಿಯರು ಅಲ್ಲಿರಲಿಲ್ಲ.

ಮೊಗಸಾಲೆಯಲ್ಲಿ ಮಕ್ಕಳು ಕೂಗಲಿಲ್ಲ. ಹುಡುಗಿಯು ಗೋಡೆಗೆ ಮುಖವಿಟ್ಟು, ನೂರಕ್ಕೂ ಮಿಕ್ಕಿದ ಅಡಿಗಳಾಚೆ ಎದುರುಗೋಡೆಗೆ ಕಿವಿಗೊಟ್ಟು ನಿಂತಿದ್ದ ನಮಗೆ, “ಅಜ್ಜಾ, ಕೇಳಿಸ್ತಾ?” ಎಂದು ಪಿಸುಗುಟ್ಟಿದಳು. ಕಿವಿಯ ಬಳಿಯೇ ನುಡಿದಂತೆ ಕೇಳಿಸಿತು. ಈ ಮೊಗಸಾಲೆಗೆ ಪಿಸುಮಾತಿನ ಮೊಗಸಾಲೆಯೆಂದೇ ಪ್ರಸಿದ್ಧಿ. ಕಿರಿಚಿದರೆ ಬರಿಯ ಗದ್ದಲ. ಮೆಲ್ಲನೆ ನುಡಿದರೆ ಮಾತು ಮಾತಾಗಿಯೇ ಸೇರುವುದು. ಅಂದು ನಲವತ್ತು ಮಕ್ಕಳಿಗೆ ನಾವು ತಪ್ಪಿಸಿದ ವಿಸ್ಮಯವು ಇದೇ.

ಒಂಬತ್ತು ಗಂಟೆಯ ಹೊತ್ತಿಗೆ ಒಂದು ಶಾಲೆಯ ಮಕ್ಕಳು ಬಂದರು. ಕೇಕೆ, ಸಿಳ್ಳು, ಚಪ್ಪಾಳೆಗಳಿಂದ ಗುಮ್ಮಟವು ತುಂಬಿಹೋಯಿತು. ಅವರೊಡನಿದ್ದ ತರುಣ ಉಪಾಧ್ಯಾಯರನ್ನು ಕಂಡು ನಮ್ಮ ಹಳೆಯ ದಿನವೇ ಎದುರಿಗೆ ಬಂದಂತಾಯಿತು. ಬಳಿಗೆ ಹೋಗಿ, ಇದು ಗೋರಿಯೆಂದು ಮಕ್ಕಳಿಗೆ ಹೇಳಿರುವಿರಾ ಎಂದು ವಿನಯದಿಂದಲೇ ಕೇಳಿದೆವು. ಅವರು ಗಡಿಯಾರವನ್ನು ನೋಡಿಕೊಂಡು, “ಎಲ್ಲಿ ಟೈಮ್ ಐತ್ರಿ ಸರ್, ಇನ್ನೂ ಬಾದಾಮಿ ಮುಗಿಸಬೇಕು” ಎಂದರು. ಅವರನ್ನು ನಿಂದಿಸುವ ಅಧಿಕಾರವು ನಮಗಿಲ್ಲ.

ಆದುದರಿಂದ ಈ ಮಾತನ್ನು ಮನೆಯಲ್ಲಿಯೇ ಹೇಳಿ ಕಳುಹಿಸಬೇಕೆಂದು ವಾಚಕ ಗೃಹಸ್ಥರಲ್ಲಿಯೂ ತಾಯಂದಿರಲ್ಲಿಯೂ ನಮ್ಮ ಬಿನ್ನಹ. ಸ್ಮಾರಕದ ಕಲ್ಲಿನ ಮೇಲೆ ಹೆಸರನ್ನು ಕೆತ್ತಿ ಹಾಳುಗೆಡವಿದರೆ 1958ರ ಕಾಯಿದೆಯಂತೆ ಎರಡು ವರ್ಷಗಳ ವರೆಗೆ ಸೆರೆಯೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವೂ ಆಗಬಹುದು. ಆದರೆ ಮುದುಕಿಯ ಮುಖಕ್ಕೆ ಯಂತ್ರವನ್ನು ಹಿಡಿದವರನ್ನೂ, ಊರವರ ಮಾತನ್ನು ಅಣಕಿಸಿದವರನ್ನೂ, ಗೋರಿಯ ಮೇಲೆ ಕಿರಿಚಿದವರನ್ನೂ ತಡೆಯುವ ಕಾಯಿದೆಯಿಲ್ಲ. ಗುಡಿಯಾಗಲಿ ಮಸೀದಿಯಾಗಲಿ, ಪಾದರಕ್ಷೆಯನ್ನು ಎಲ್ಲಿ ಬಿಡಬೇಕೆಂದು ಕೇಳಿ ಬಿಡಿರಿ. ಚಿತ್ರ ತೆಗೆಯುವ ಮೊದಲು ಅಪ್ಪಣೆ ಪಡೆಯಿರಿ. ಪಟ್ಟಿಯಲ್ಲಿ ಎರಡು ಊರುಗಳನ್ನು ಕಡಿಮೆ ಮಾಡಿರಿ. ಮಕ್ಕಳ ಚೀಲಕ್ಕೆ ಚಕ್ಕುಲಿ ನೀರುಗಳನ್ನು ತುಂಬುವಾಗ, ಅವರು ನೋಡಹೋಗುವ ಸ್ಥಳವು ಯಾರದೆಂಬುದನ್ನೂ ಒಂದು ಮಾತಿನಲ್ಲಿ ಹೇಳಿರಿ. ಅಷ್ಟನ್ನು ಹೇಳಲು ವೇಳೆ ಬಹಳ ಬೇಕಾಗಲಾರದು.