ರೈಲಿಲ್ಲದ ಊರಿನ ರೈಲು

ನಮ್ಮ ಯಮಕನಮರಡಿಗೆ ರೈಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಊರಾದುದರಿಂದ ಹಗಲಿರುಳೂ ಮೋಟಾರುಗಳ ಸದ್ದಿಗೆ ಕೊರತೆಯಿಲ್ಲ. ಆದರೆ ರೈಲು ಹತ್ತಬೇಕೆನ್ನುವವರು ಪಾಶ್ಚಾಪುರಕ್ಕೋ ಬೆಳಗಾವಿಗೋ ಹೋಗಬೇಕು. ಹೀಗಿದ್ದೂ ಕಳೆದ ಆರು ವರ್ಷಗಳಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ರೈಲು ಓಡುತ್ತಿದೆ. ಹಳೆಯ ಮನೆಯೊಂದರಿಂದ ಕೊಂಡು ತಂದ ಬಾಗಿಲ ಹಲಗೆಯೇ ಅದರ ಭೂಮಂಡಲ: ಉದ್ದ ಆರು ಅಡಿ, ಅಗಲ ಎರಡೂವರೆ ಅಡಿ. ಗಾಡಿ ಸ್ಟೇಷನ್ನಿನಿಂದ ಹೊರಟು, ಗುಡ್ಡದ ಹಿಂದೆ ಮರೆಯಾಗಿ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಪ್ರಯಾಣಿಕರಿಂದ ಈವರೆಗೆ ಒಂದೂ ದೂರು ಬಂದಿಲ್ಲ.

ದೂರು ಬರುವುದೆಲ್ಲ ಮನೆಯವರಿಂದ. "ಅಲ್ರೀ, ಮನೀಗೆ ಬಂದವರು ಎಲ್ಲಿ ಕುಂದರಬೇಕು?" ಎಂದು ನನ್ನ ಗೃಹಲಕ್ಷ್ಮಿ ಕೇಳಿದಾಗ, "ವೇಟಿಂಗ್ ರೂಮಿನಲ್ಲಿ" ಎಂದು ಉತ್ತರಿಸಿ ಎರಡು ದಿನ ಚಹಾ ಕಳೆದುಕೊಂಡವನು ನಾನು. ಕಾಲೇಜಿನ ಮಿತ್ರರದು ಬೇರೆ ಬಗೆಯ ಕನಿಕರ. ಕನ್ನಡ ಎಂ.ಎ. ಮಾಡಿದವನು ಷಟ್ಪದಿಯ ಮಾತ್ರೆಗಳನ್ನು ಎಣಿಸಿಕೊಂಡಿರುವುದು ಬಿಟ್ಟು ಮಿಲಿಮೀಟರುಗಳನ್ನು ಎಣಿಸುವುದೇಕೆ ಎಂದು ಅವರಿಗೆ ಅರ್ಥವಾಗುವುದಿಲ್ಲ. ಎರಡೂ ಒಂದೇ ಚಟವೆಂದು ನಾನು ಹೇಳಿದರೆ ನಗುತ್ತಾರೆ. ಒಂದು ಮಾತ್ರೆ ಹೆಚ್ಚಾದರೆ ಪದ್ಯ ಎಡವುತ್ತದೆ. ಅರ್ಧ ಮಿಲಿಮೀಟರು ಹೆಚ್ಚಾದರೆ ಗಾಡಿ ಹಳಿ ತಪ್ಪುತ್ತದೆ. ವ್ಯತ್ಯಾಸವೇನು ಮಹಾ?

ಇದು ಪರದೇಶದ ಹುಚ್ಚು ಎನ್ನುವವರೂ ಉಂಟು. ಆಟದ ರೈಲಿಗೆ ಗೊತ್ತಾದ ಅಳತೆಯ ಹಳಿಗಳನ್ನು ಜರ್ಮನಿಯ ಮಾರ್ಕ್ಲಿನ್ ಕಂಪನಿಯವರು ಲೈಪ್ಸಿಗ್ ಜಾತ್ರೆಯಲ್ಲಿ ತೋರಿಸಿದ್ದು 1891ರಲ್ಲಿ. ಇಂಗ್ಲೆಂಡಿನ ಹಾರ್ನ್‌ಬಿಯವರ ಕೀಲಿ ಕೊಟ್ಟು ಓಡಿಸುವ ರೈಲು ಬಂದದ್ದು 1920ರಲ್ಲಿ. ಇವೆಲ್ಲ ನಿಜ. ಆದರೆ ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ತುಂಬ ನೋಡುವ ಆಸೆ ನಮ್ಮ ಸೀಮೆಗೆ ಹೊಸದೇ? ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗೈಯಗಲದ ಎತ್ತುಗಳನ್ನು ಮಾಡಿ ಪೂಜಿಸುತ್ತೇವೆ. ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ ಕೂರಿಸುತ್ತಾರೆ. ದೀಪಾವಳಿ ಬಂತೆಂದರೆ ಬೆಳಗಾವಿಯ ಓಣಿಗಳಲ್ಲಿ ಹುಡುಗರು ಕಲ್ಲುಮಣ್ಣಿನ ಕಿಲ್ಲೆ ಕಟ್ಟಿ, ಮೇಲೆ ಕಾಳು ಚೆಲ್ಲಿ ಹಸಿರು ಬೆಳೆಸಿ, ಬಾಗಿಲಿಗೆ ಮಣ್ಣಿನ ಸಿಪಾಯಿಗಳನ್ನು ಕಾವಲಿಡುತ್ತಾರೆ. ಗೋಕಾಕದ ಕುಶಲಿಗರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣುಗಳನ್ನು ಕಂಡು ಕೈ ಚಾಚದ ಕೂಸು ಯಾವುದು? ನನ್ನ ಮೊದಲ ಗುರುಗಳು ಮಾರ್ಕ್ಲಿನ್ನರಲ್ಲ, ಆ ಕಿಲ್ಲೆ ಕಟ್ಟಿದ ಹುಡುಗರು.

ಹುಚ್ಚು ನೆತ್ತಿಗೇರಿದ್ದು ಮಾತ್ರ ಪುಣೆಯಲ್ಲಿ. ಅಲ್ಲಿ ಭಾವೂ ಜೋಶಿಯವರು ಜೀವಮಾನದ ಹವ್ಯಾಸವನ್ನೇ ಒಂದು ಮ್ಯೂಸಿಯಂ ಮಾಡಿ 1998ರ ಏಪ್ರಿಲ್ 1ರಂದು ಜನರಿಗಾಗಿ ತೆರೆದರು. ಮೊಣಕಾಲೆತ್ತರದ ಮಕ್ಕಳ ನಡುವೆ ನಿಂತು, ದೀಪದ ಬೆಳಕಿನಲ್ಲಿ ಬೆರಳುದ್ದದ ಗಾಡಿಗಳು ಓಡುವುದನ್ನು ನೋಡುತ್ತ ನಾನು ಎರಡು ಬಸ್ಸು ತಪ್ಪಿಸಿಕೊಂಡೆ. ಊರಿಗೆ ಬಂದವನೇ ಬಾಗಿಲ ಹಲಗೆ ಹುಡುಕಲು ಹೊರಟೆ.

ಯಾವ ರೈಲನ್ನು ಕಟ್ಟಬೇಕೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ನಮ್ಮ ಸೀಮೆಯಲ್ಲಿ ಹಾಕಿದ್ದು ಮೀಟರ್ ಗೇಜ್ ಹಳಿ. 1990ರ ದಶಕದಲ್ಲಿ ಅದನ್ನು ಕಿತ್ತು ಬ್ರಾಡ್ ಗೇಜ್ ಮಾಡಿದರು. ಆಗ ನಾನು ಚಿಕ್ಕ ಹುಡುಗ. ನನ್ನ ತಂದೆ ಅದೇ ಬೆಳಗಾವಿ–ಮಿರಜ ಮಾರ್ಗದ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ನೌಕರಿ ಮಾಡಿದವರು. ಹೆಂಚಿನ ಮಾಡು, ಬೇವಿನ ಮರ, ಕೈಯೆತ್ತಿ ನಿಂತ ಸಿಗ್ನಲ್ಲು, ಇವೇ ನನ್ನ ಬಾಲ್ಯ. ಆ ಬಾಲ್ಯವನ್ನೇ 87ರಿಂದ ಭಾಗಿಸಲು ಕುಳಿತೆ.

ಈ ಭಾಗಾಕಾರವೇ ಈ ವಿದ್ಯೆಯ ಹೃದಯ. ಜಗತ್ತಿನಲ್ಲಿ ಹೆಚ್ಚು ಜನ ಮೆಚ್ಚಿದ ಅಳತೆ, ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಮೀಟರ್ ಗೇಜಿನ 1000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಬರುತ್ತದೆ. ಇದಕ್ಕಿಂತ ಚಿಕ್ಕ ಅಳತೆಯ ಜರ್ಮನ್ ಆಟದ ರೈಲುಗಳಿಗೆ 12 ಮಿಲಿಮೀಟರಿನ ಹಳಿ ಸಿಗುತ್ತದೆ. ಹಾಗೆ ಸಿಕ್ಕ ಹಳೆಯ ಯಂತ್ರವೊಂದರ ಮೇಲೆ ರಟ್ಟು ಹಿತ್ತಾಳೆಗಳಿಂದ ನಮ್ಮ ವೈ.ಪಿ. ಉಗಿ ಎಂಜಿನ್ನಿನ ಮೈ ಕಟ್ಟಿದೆ. ಗಾಡಿಯ ಮಟ್ಟಿಗೆ ಲೆಕ್ಕ ಸರಿಹೋಯಿತು. ಸ್ಥಳದ ಮಟ್ಟಿಗೆ ಹೋಗಲಿಲ್ಲ. ಅರ್ಧ ಕಿಲೋಮೀಟರಿನ ಸ್ಟೇಷನ್ ಅಂಗಳವನ್ನು ಭಾಗಿಸಿದರೂ ಹತ್ತೊಂಬತ್ತು ಅಡಿ ಬೇಕು. ನನಗಿರುವುದು ಆರೇ ಅಡಿ. 300 ಮೀಟರ್ ತ್ರಿಜ್ಯದ ತಿರುವಿಗೆ ಮೂರೂವರೆ ಮೀಟರು ಬೇಕು. ನನ್ನ ತಿರುವಿನದು ಒಂದು ಅಡಿ. ಆದುದರಿಂದ ಕೆಲವನ್ನು ಮೊಟಕುಗೊಳಿಸಬೇಕು, ಕೆಲವನ್ನು ಬಿಡಬೇಕು, ನಾಚಿಕೆಗೇಡಿನ ತಿರುವನ್ನು ಗುಡ್ಡದ ಹಿಂದೆ ಅಡಗಿಸಬೇಕು. ಮರಡಿಯೆಂದರೆ ಗುಡ್ಡವೇ ತಾನೆ; ಊರ ಹೆಸರೇ ನನ್ನ ಸಹಾಯಕ್ಕೆ ಬಂತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಟ್ಟುವವನ ಮನಸ್ಸೇ ಹೇಳಬೇಕು. ಆ ಮನಸ್ಸು ಎಂಥದೆಂದು ನನಗೆ ತಿಳಿದದ್ದು ತಡವಾಗಿ.

ಉಳಿದ ಕೆಲಸದಲ್ಲಿ ಅಡಿಗೆಮನೆಯ ಪಾಲೇ ಹೆಚ್ಚು. ಸೋಸಿದ ಚಹಾಪುಡಿ ಒಣಗಿದರೆ ಒಳ್ಳೆಯ ಕರಿಮಣ್ಣಾಗುತ್ತದೆ. ಬಡಿಗರ ಅಂಗಡಿಯ ಹೊಟ್ಟಿಗೆ ಹಸಿರು ಬಣ್ಣ ಕೂಡಿಸಿದರೆ ಹುಲ್ಲು. ಒಣಗಿದ ತುಳಸಿಯ ಕಡ್ಡಿಗಳು ಬೇವಿನ ಮರಗಳು. ಮಳೆಗಾಲದಲ್ಲಿ ಕಟ್ಟಿಗೆ ಹಿಗ್ಗಿ ಹಳಿಗಳು ಸೊಟ್ಟಗಾಗುತ್ತವೆ. ನಿಜವಾದ ರೈಲಿನವರಂತೆ ಹಳಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕೆಂಬುದನ್ನು ಎರಡು ಮಳೆಗಾಲ ಕಳೆದ ಮೇಲೆ ಕಲಿತೆ. ಹಳಿಗಳಲ್ಲಿ ಹರಿಯುವುದು 12 ವೋಲ್ಟಿನ ವಿದ್ಯುತ್ತು. ಗಾಲಿಗೂ ಹಳಿಗೂ ನಡುವೆ ಒಂದಿಷ್ಟು ಧೂಳು ಕುಳಿತರೆ ಸಾಕು, ಎಂಜಿನ್ನು ಮುನಿಸಿಕೊಂಡು ನಿಲ್ಲುತ್ತದೆ.

ಇದರ ಪರೀಕ್ಷೆ ನಮ್ಮ ಓಣಿಯ ಗಣಪತಿಯ ಮುಂದೆ ಆಯಿತು. ಆ ವರ್ಷದ ದೇಖಾವೆಗೆ ನನ್ನ ರೈಲೇ ಆಗಬೇಕೆಂದು ಹುಡುಗರು ಹಲಗೆಯನ್ನು ಹೊತ್ತುಕೊಂಡೇ ಹೋದರು. ಐದು ದಿನ ಜನವೋ ಜನ. ಊದುಬತ್ತಿಯ ಹೊಗೆ, ಕರ್ಪೂರದ ಮಸಿ ಎಲ್ಲ ಹಳಿಗೆ ಅಡರಿ, ಸರಿಯಾಗಿ ಮಂಗಳಾರತಿಯ ಹೊತ್ತಿಗೆ ಗಾಡಿ ನಿಂತಿತು. ಸ್ಪಿರಿಟ್ಟಿನ ಬಟ್ಟೆ ಹಿಡಿದು ನಾನು ಬೆವರುತ್ತಿದ್ದರೆ, ಮುಂದೆ ನಿಂತ ಹುಡುಗನೊಬ್ಬ, "ಸರ, ಖರೇ ರೈಲೂ ಹಿಂಗ ನಿಂದರತೈತ್ರಿ" ಎಂದು ಸಮಾಧಾನ ಹೇಳಿದ. ಇನ್ನೊಬ್ಬಳು ಕೇಳಿದಳು: "ನಮ್ಮೂರ ಸ್ಟೇಷನ್ ಇದರಾಗ ಯಾವದ್ರಿ?" ಅವಳ ಮುಖ ನೋಡಿ ಅಂದೇ ರಾತ್ರಿ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರಗಳಲ್ಲಿ 'ಯಮಕನಮರಡಿ' ಎಂದು ಬರೆದು ನೆಟ್ಟೆ. ರೈಲು ಇಲಾಖೆಯವರು ಕ್ಷಮಿಸಬೇಕು.

ಹಬ್ಬ ಮುಗಿದ ಮೇಲೆ ಅದರ ಭಾವಚಿತ್ರ ತೆಗೆಯಬೇಕೆನ್ನಿಸಿತು. ಇದಕ್ಕೂ ಕಾರಣವುಂಟು. ಅಮೆರಿಕದ ಮಾಂಟೆರೆಯಲ್ಲಿ ಜಾನ್ ಆಲೆನ್ ಎಂಬ ಛಾಯಾಗ್ರಾಹಕರಿದ್ದರು. ವರ್ಷಗಟ್ಟಲೆ ಕುಳಿತು ಅವರು ಕಟ್ಟಿದ ಬೆಟ್ಟ–ಕಣಿವೆಗಳ ರೈಲುಲೋಕವನ್ನು ಈ ಹವ್ಯಾಸದವರೆಲ್ಲ ಬಲ್ಲರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು; ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಲೋಕವೂ ಹಾಳಾಯಿತು. ಇಂದು ಅದು ಬದುಕಿರುವುದು ಅವರು ತೆಗೆದ ಚಿತ್ರಗಳಲ್ಲಿ. ನನ್ನ ಬಾಗಿಲ ಹಲಗೆಗೆ ಅಷ್ಟು ಯೋಗ್ಯತೆಯಿಲ್ಲ; ಆದರೂ ಗೆದ್ದಲು ಯೋಗ್ಯತೆ ನೋಡಿ ಬರುವುದಿಲ್ಲವಲ್ಲ!

ಚಿಕ್ಕ ಲೋಕದ ಚಿತ್ರ ತೆಗೆಯುವ ಗುಟ್ಟು ಒಂದೇ: ಮೇಲಿನಿಂದ ನೋಡಬಾರದು. ಮೇಲಿನಿಂದ ನೋಡಿದರೆ ಆಟಿಗೆ. ಪ್ಲಾಟ್‌ಫಾರಮ್ಮಿನ ಮೇಲೆ ನಿಂತ ಇಂಚಿನೆತ್ತರದ ಮನುಷ್ಯನ ಕಣ್ಣಿನ ಮಟ್ಟಕ್ಕೆ ಕ್ಯಾಮರಾ ಇಳಿಸಿದರೆ ಊರು. ದೊಡ್ಡ ಕ್ಯಾಮರಾ ಆದರೆ ಕಿಂಡಿಯನ್ನು ಆದಷ್ಟು ಕಿರಿದು ಮಾಡಿ, ಅಲುಗದಂತೆ ನಿಲ್ಲಿಸಿ, ಬಹಳ ಹೊತ್ತು ಬೆಳಕು ಕುಡಿಸಬೇಕು. ಇಲ್ಲವಾದರೆ ಎಂಜಿನ್ನಿನ ಮೂಗು ಸ್ಪಷ್ಟ, ಬಾಲ ಮಂಜು. ಸಣ್ಣ ಕಣ್ಣಿನ ಮೊಬೈಲ್ ಫೋನು ಈ ಕೆಲಸವನ್ನು ಸುಲಭ ಮಾಡಿದೆ. ಹಿಂದೆ ನೀಲಿ ಹಾಳೆಯ ಆಕಾಶ, ಕಿಟಕಿಯಿಂದ ಬೆಳಗಿನ ಓರೆ ಬಿಸಿಲು. ಕ್ಯಾಮರಾ ಮಾತ್ರ ಯಾರ ದಾಕ್ಷಿಣ್ಯಕ್ಕೂ ಒಳಗಾಗುವುದಿಲ್ಲ. ಕಣ್ಣಿಗೆ ಕಾಣದ ಕೂದಲು ಚಿತ್ರದಲ್ಲಿ ಹಾವಾಗುತ್ತದೆ. ಗೋಡೆಯ ಮೇಲಿನ ಹೆಬ್ಬೆರಳ ಗುರುತು ಮನೆಯಷ್ಟು ದೊಡ್ಡದಾಗುತ್ತದೆ.

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದುವರೆಗೆ ನನ್ನ ರೈಲನ್ನು ಗಮನಿಸಿದವರಲ್ಲ. ಕಣ್ಣು ಮಂದವಾಗಿವೆ, ಮೇಲಾಗಿ ಮೂವತ್ತೇಳು ವರ್ಷ ನಿಜವಾದ ರೈಲಿನೊಡನೆ ಕಾದಾಡಿದವರಿಗೆ ಇದು ಹುಡುಗಾಟ. ಕಟ್ಟೆಯ ಮೇಲೆ ಕುಳಿತು ಚಿತ್ರವನ್ನು ದೂರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಎರಡೂ ಸಿಗ್ನಲ್ ಕೈ ಇಳಿಸೀದಿ. ಅಂದರ ಗಾಡಿ ಇಲ್ಲಿ ನಿಂದರೂದಿಲ್ಲ, ಹಾದು ಹೋಗತೈತಿ."

"ಹೌದಪ್ಪಾ."

"ಮತ್ತ ಗೋಲಾ ಕೊಡಾಂವ ಎಲ್ಲಿ ಅದಾನ?"

ನಾನು ಚಿತ್ರ ನೋಡಿದೆ. ಜರ್ಮನಿಯಿಂದ ತರಿಸಿದ ಸ್ಟೇಷನ್ ಮಾಸ್ತರರು ಹಸಿರು ಬಾವುಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಚಹಾ ಮಾರುವವನಿದ್ದ, ಗಂಟು ಹೊತ್ತ ಅಜ್ಜಿಯಿದ್ದಳು, ಒಂದು ನಾಯಿಯೂ ಇತ್ತು. ಗೋಲಾ ಕೊಡುವವನು ಇರಲಿಲ್ಲ.

ಓದುಗರಿಗೆ ಇದನ್ನು ವಿವರಿಸಬೇಕು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ, ಎರಡು ಸ್ಟೇಷನ್ನುಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಉಕ್ಕಿನ ಗುಂಡು ಯಂತ್ರದಿಂದ ಹೊರಬರುತ್ತಿತ್ತು. ಆ ಗುಂಡು ಕೈಗೆ ಬಾರದೆ ಡ್ರೈವರನು ಮುಂದೆ ಹೋಗುವಂತಿರಲಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡದೊಂದು ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಗಾಡಿಗೆ ಎತ್ತಿ ಹಿಡಿಯುವವನು ಪಾಯಿಂಟ್ಸ್‌ಮನ್. ಎಂಜಿನ್ನಿನಲ್ಲಿದ್ದವನು ಆ ಬಳೆಯಲ್ಲಿ ತೋಳು ತೂರಿಸಿ ಕಸಿದುಕೊಳ್ಳುತ್ತಿದ್ದ; ಹಿಂದಿನ ಸ್ಟೇಷನ್ನಿನ ಬಳೆಯನ್ನು ಇತ್ತ ಎಸೆಯುತ್ತಿದ್ದ. ಮಳೆಯಿರಲಿ, ಕತ್ತಲೆಯಿರಲಿ, ಇದು ತಪ್ಪುವಂತಿರಲಿಲ್ಲ.

ನನ್ನ ತಂದೆ ಪಾಯಿಂಟ್ಸ್‌ಮನ್ ಆಗಿದ್ದರು.

ಕಾಲೇಜಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ನಾನು 'ರೈಲ್ವೆ ಸೇವೆ' ಎಂದು ಬರೆದವನು. "ಸ್ಟೇಷನ್ ಮಾಸ್ತರರೇ?" ಎಂದು ಯಾರಾದರೂ ಕೇಳಿದರೆ, ಹೌದೆಂದೂ ಅಲ್ಲದೆ ಅಲ್ಲವೆಂದೂ ಅಲ್ಲದೆ ನಕ್ಕುಬಿಡುತ್ತಿದ್ದೆ. ಆ ನಗೆಯ ಮೇಲೆಯೇ ಎಂ.ಎ. ಮುಗಿಯಿತು, ನೌಕರಿ ಸಿಕ್ಕಿತು, ಮದುವೆಯೂ ಆಯಿತು. ಸ್ಥಳ ಸಾಲದೆ ಏನೇನನ್ನೋ ಬಿಟ್ಟೆನೆಂದು ತಿಳಿದಿದ್ದೆ. ನಾಯಿಗೆ ಸ್ಥಳವಿತ್ತಲ್ಲ!

ಅಪ್ಪ ಇದನ್ನು ಆಕ್ಷೇಪಣೆಯಾಗಿ ಕೇಳಿರಲಿಲ್ಲ. ಹಳಿ ಸೊಟ್ಟಗಿದೆ ಎಂದು ಹೇಳುವ ಹಾಗೆ, ಕೆಲಸದ ತಪ್ಪೊಂದನ್ನು ತೋರಿಸಿದ್ದರು, ಅಷ್ಟೇ. ಅದಕ್ಕಾಗಿಯೇ ನನಗೆ ತಲೆಯೆತ್ತಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪಾ, ಹೆಂಗ ನಿಂದರತಿದ್ರಿ?" ಎಂದು ಕೇಳಿದೆ. ಹುಟ್ಟಿದಾಗಿನಿಂದ ಕೇಳದಿದ್ದ ಪ್ರಶ್ನೆ.

ಅಪ್ಪ ಎದ್ದು ನಿಂತರು. ಮೂಲೆಯಲ್ಲಿದ್ದ ಹಳೆಯ ಬುಟ್ಟಿಯ ಬೆತ್ತದ ಅಂಚನ್ನು ಬಿಚ್ಚಿಸಿಕೊಂಡು ಬಲಗೈಯಲ್ಲಿ ಎತ್ತಿ ಹಿಡಿದರು. "ಕಾಲು ಅಂಚಿನಿಂದ ಹಿಂದ ಇರಬೇಕು. ಮಾರಿ ಎಂಜಿನ್ ಕಡೆ. ಕೈ ಬಿಗಿ ಹಿಡೀಬಾರದು. ಬಿಗಿ ಹಿಡಿದರ ಎಂಜಿನ್ ನಿನ್ನೂ ಎಳಕೊಂಡು ಹೊಕ್ಕೈತಿ." ಮೊಳಕೈಯ ಕೆಳಗಿನ ಉದ್ದನೆಯ ಕಲೆಯನ್ನು ತೋರಿಸಿ, ಒಂದು ಮಳೆಯ ರಾತ್ರಿ ಎಸೆದ ಬಳೆ ಬಡಿದದ್ದೆಂದು ಹೇಳಿದರು. ಆ ಕಲೆಯನ್ನು ಹುಟ್ಟಿದಾರಭ್ಯ ಕಂಡಿದ್ದೆ, ಎಲ್ಲಿಯದೆಂದು ಕೇಳಿರಲಿಲ್ಲ. ಅಷ್ಟರಲ್ಲಿ ನನ್ನ ಮಗಳು ಒಳಗಿನಿಂದ "ಕೂ" ಎನ್ನುತ್ತ ಓಡಿಬಂದು, ಅಜ್ಜನ ಬಳೆಯಲ್ಲಿ ತೋಳು ತೂರಿಸಿ ಕಸಿದುಕೊಂಡು ಬೀದಿಗೆ ಹಾರಿದಳು. ಅಪ್ಪ ನಕ್ಕದ್ದನ್ನು ನೋಡಿ ಬಹಳ ದಿನಗಳಾಗಿದ್ದವು.

ಬ್ರಾಡ್ ಗೇಜಿನ ಹಳಿಗಳ ನಡುವಿನ ಅಂತರ 5 ಅಡಿ 6 ಅಂಗುಲ. ಅಪ್ಪನ ಎತ್ತರವೂ ಸರಿಯಾಗಿ ಅಷ್ಟೇ. 87ರಿಂದ ಭಾಗಿಸಿದರೆ 19 ಮಿಲಿಮೀಟರು. ತಾಮ್ರದ ತಂತಿಯ ಎಲುಬು, ಕೊಳಾಯಿ ರಿಪೇರಿಯ ಅಂಟುಮಣ್ಣಿನ ಮೈ, ತಲೆಗೊಂದು ಟವೆಲ್ಲು, ಕೈಯಲ್ಲಿ ಕೂದಲಿನಂಥ ತಂತಿಯ ಬಳೆ. ನಾಲ್ಕು ಸಲ ಕೆಡಿಸಿ ಐದನೆಯ ಸಲ ಮಾಡಿದೆ. ಮತ್ತೆ ಬೆಳಗಿನ ಬಿಸಿಲು, ಮತ್ತೆ ನೀಲಿ ಹಾಳೆ, ಮತ್ತೆ ಚಿತ್ರ.

ಅಪ್ಪ ದೂರ ಹಿಡಿದು ನೋಡಿ, "ಬಳಿ ಸ್ವಲ್ಪ ದೊಡ್ಡದಾಗೈತಿ," ಎಂದರು. ಆಮೇಲೆ, "ಇರಲಿ. ಇನ್ನ ಗಾಡಿ ಹೋಗಲಿ," ಎಂದರು.

ಈಗ ರೈಲು ನೋಡಲು ಬಂದವರಿಗೆ ನನ್ನ ಮಗಳೇ ಗೈಡು. ಎಲ್ಲರಿಗಿಂತ ಮೊದಲು ಬಳೆ ಹಿಡಿದವನನ್ನು ತೋರಿಸಿ, "ಇವರು ನಮ್ಮ ಅಜ್ಜ" ಎನ್ನುತ್ತಾಳೆ. ಮೊನ್ನೆ ಬಂದಿದ್ದ ಕಾಲೇಜಿನ ಮಿತ್ರರೊಬ್ಬರು ನನ್ನ ಕಡೆ ತಿರುಗಿ, "ನಿಮ್ಮ ತಂದೆಯವರು ಸ್ಟೇಷನ್ ಮಾಸ್ತರರಲ್ಲವೆ?" ಎಂದರು. "ಅಲ್ಲ, ಪಾಯಿಂಟ್ಸ್‌ಮನ್" ಎಂದೆ. ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ.

ತಾವೂ ಒಮ್ಮೆ ಬನ್ನಿರಿ. ಬಸ್ಸಿನಲ್ಲಿಯೇ ಬರಬೇಕು, ನಮ್ಮ ಊರಿಗೆ ಇನ್ನೂ ರೈಲಿಲ್ಲ. ಕೂರಲು ಸ್ಥಳವಿಲ್ಲವೆಂದು ಮನೆಯವರು ಮೊದಲೇ ತಿಳಿಸಲು ಹೇಳಿದ್ದಾರೆ.