ಹೆಸರು ಬದಲಾಯಿಸಿದೆ

ಪತ್ರಿಕೆ ಕೈಗೆ ಬಂದೊಡನೆ ಸುದ್ದಿಯನ್ನು ಓದುವುದಕ್ಕೆ ಮೊದಲು ಅದನ್ನು ಬರೆದವರು ಯಾರೆಂದು ನೋಡುವುದು ನನಗೆ ಬಹುಕಾಲದ ಅಭ್ಯಾಸ. ಇದೇನೂ ಅಂಥ ಸದ್ಗುಣವಲ್ಲ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕೂರುವ ಮುನ್ನ ಅಡಿಗೆಯವರು ಯಾರೆಂದು ವಿಚಾರಿಸುವವರ ಕುತೂಹಲದ ಜಾತಿಗೆ ಸೇರಿದ್ದು. ಹಿಂದೆ ನಮ್ಮ ಪತ್ರಿಕೆಗಳಲ್ಲಿ ಈ ಕುತೂಹಲ ತಣಿಯುವ ಅವಕಾಶವೇ ಕಡಿಮೆ. ‘ನಮ್ಮ ಬಾತ್ಮೀದಾರರಿಂದ’ ಎಂದು ಮೇಲೊಂದು ಸಾಲಿರುತ್ತಿತ್ತು, ಅಷ್ಟೆ. ಈಗ ಊರಿನ ಚರಂಡಿ ತುಂಬಿ ಹರಿದ ಸುದ್ದಿಗೂ ಬರೆದವರ ಹೆಸರುಂಟು, ಕೆಲವೊಮ್ಮೆ ಭಾವಚಿತ್ರವೂ ಉಂಟು. ಒಳ್ಳೆಯದೇ. ಹೊಗಳುವುದಕ್ಕೂ ಬಯ್ಯುವುದಕ್ಕೂ ಒಬ್ಬರು ಸಿಕ್ಕಿದಂತಾಯಿತು.

ಈ ಅಭ್ಯಾಸದಿಂದಲೇ ‘ಜನ್ ಟೈಮ್ಸ್’ ಎಂಬ ಪತ್ರಿಕೆಯ ಒಂದು ಸಣ್ಣ ಅಕ್ಷರದ ಸಾಲು ನನ್ನ ಕಣ್ಣಿಗೆ ಬಿದ್ದದ್ದು. ಅಫಘಾನಿಸ್ತಾನದ ಹೆಂಗಸರು ನಡೆಸುವ ಪತ್ರಿಕೆ ಅದು. ಅಂತರ್ಜಾಲದಲ್ಲಿ ದರಿ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ. ಅಲ್ಲಿನ ಅನೇಕ ವರದಿಗಳ ಕೊನೆಯಲ್ಲಿ, ಇಲ್ಲಿ ಮಾತನಾಡಿರುವವರ ಹೆಸರನ್ನು ಬದಲಾಯಿಸಿದೆ ಎಂಬ ಸೂಚನೆ ಇರುತ್ತದೆ. ಅದು ಎಲ್ಲ ಕಡೆಯೂ ಇರುವುದೇ. ಆದರೆ ವರದಿ ಬರೆದವಳ ಹೆಸರೂ ಅವಳದಲ್ಲ, ಆಕೆ ಅಫಘಾನಿಸ್ತಾನದೊಳಗೇ ಇರುವ ನಮ್ಮ ವರದಿಗಾರ್ತಿ ಎಂಬ ಇನ್ನೊಂದು ಸೂಚನೆಯೂ ಕೆಲವು ಕಡೆ ಇದೆ. ಹೇಳಿದವಳಿಗೂ ಹೆಸರಿಲ್ಲ, ಕೇಳಿ ಬರೆದುಕೊಂಡವಳಿಗೂ ಹೆಸರಿಲ್ಲ. ಮೂರನೆಯವಳೊಬ್ಬಳು ಮಾತ್ರ ತನ್ನ ನಿಜವಾದ ಹೆಸರನ್ನು ಧೈರ್ಯವಾಗಿ ಹಾಕಿಕೊಳ್ಳಬಲ್ಲಳು; ಏಕೆಂದರೆ ಅವಳು ಕೆನಡದಲ್ಲಿದ್ದಾಳೆ.

ಆಕೆ ಜಹ್ರಾ ನಾದರ್, ಪತ್ರಿಕೆಯ ಸಂಪಾದಕಿ. ಕಾಬೂಲಿನಲ್ಲಿ ವರದಿಗಾರ್ತಿಯಾಗಿ ದುಡಿದು, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೂ ಅಲ್ಲಿಂದಲೇ ಬರೆದು, ೨೦೧೭ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಕೆನಡಕ್ಕೆ ಹೋದವರು. ೨೦೨೧ರ ಆಗಸ್ಟ್ ೧೫ರಂದು ತಾಲಿಬಾನರು ಕಾಬೂಲನ್ನು ಹೊಕ್ಕ ಮೇಲೆ ಹಿಂದಿರುಗುವ ದಾರಿ ಮುಚ್ಚಿತು. ವಿದ್ಯಾರ್ಥಿನಿಯಾಗಿ ಹೋದವರು ದೇಶಭ್ರಷ್ಟರಾದರು. ಮರುವರ್ಷ ಆಗಸ್ಟಿನಲ್ಲಿ ಈ ಪತ್ರಿಕೆ ಹುಟ್ಟಿತು. ಪಾರಸಿಯಲ್ಲಿ ‘ಜನ್’ ಎಂದರೆ ಹೆಂಗಸು. ನವಾಬರ ಕಥೆಗಳಲ್ಲಿ ನಮಗೆ ಪರಿಚಿತವಾದ ‘ಜನಾನಾ’ ಅದೇ ಮಾತಿನ ಮಗಳು. ಹೊರಗಿನವರ ಕಣ್ಣು ಬೀಳಬಾರದ ಒಳಮನೆಯನ್ನು ಹೇಳುವ ಮಾತಿನ ಬೇರನ್ನೇ ಹಿಡಿದು ಪತ್ರಿಕೆಗೆ ಹೆಸರಿಟ್ಟಿದ್ದಾರೆಂದು ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡಿದ್ದೇನೆ.

ಅಫಘಾನಿಸ್ತಾನದಲ್ಲಿ ಹೆಂಗಸಿನ ಹೆಸರು ಎಂಬುದೇ ಒಂದು ದೊಡ್ಡ ಕಥೆ. ಗಂಡನ ಹೆಸರನ್ನು ಹೆಂಡತಿ ಬಾಯಿ ಬಿಟ್ಟು ಹೇಳಬಾರದೆಂಬ ಪದ್ಧತಿ ನಮ್ಮಲ್ಲಿತ್ತು. ಹೇಳಲೇಬೇಕಾದಾಗ ಒಡಪಿನಲ್ಲಿ ಸುತ್ತಿ ಹೇಳುತ್ತಿದ್ದರು, ಅದರಲ್ಲಿ ಒಂದಿಷ್ಟು ವಿನೋದವೂ ಇತ್ತು. ಅಲ್ಲಿ ಪದ್ಧತಿ ತಿರುವುಮುರುವು, ವಿನೋದವೂ ಇಲ್ಲ. ತಾಯಿಯ, ಹೆಂಡತಿಯ, ಅಕ್ಕತಂಗಿಯರ ಹೆಸರನ್ನು ಪರರ ಮುಂದೆ ಆಡುವುದು ಮಾನಹಾನಿಯೆಂದು ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. ಮದುವೆಯ ಆಮಂತ್ರಣದಲ್ಲಿ ಮದುವಣಗಿತ್ತಿಯ ಹೆಸರಿನ ಬದಲು ಇಂಥವರ ಮಗಳು ಎಂದಿರುತ್ತದೆ. ಗೋರಿಯ ಕಲ್ಲಿನ ಮೇಲೂ ಹಾಗೆಯೇ. ಹೆರಾತಿನ ಲಾಲೆ ಉಸ್ಮಾನಿ ಎಂಬ ತರುಣಿ ೨೦೧೭ರಲ್ಲಿ ತನ್ನ ಗೆಳತಿಯರೊಡನೆ ‘ನನ್ನ ಹೆಸರೆಲ್ಲಿ?’ ಎಂಬ ಚಳವಳಿಯನ್ನು ಎಬ್ಬಿಸಿದಳು. ಅವರು ಕೇಳಿದ್ದು ಆಸ್ತಿಯನ್ನಲ್ಲ, ಅಧಿಕಾರವನ್ನಲ್ಲ. ಗುರುತಿನ ಚೀಟಿಯಲ್ಲಿ ತಂದೆಯ ಹೆಸರಿನ ಪಕ್ಕದಲ್ಲಿ ತಾಯಿಯ ಹೆಸರಿಗೂ ಒಂದಿಷ್ಟು ಜಾಗ. ಅಷ್ಟಕ್ಕೇ ಮೂರು ವರ್ಷ ಹಿಡಿಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಆ ತಿದ್ದುಪಡಿಗೆ ರಾಷ್ಟ್ರಾಧ್ಯಕ್ಷರ ಸಹಿ ಬಿತ್ತು. ಹನ್ನೊಂದು ತಿಂಗಳಿಗೆ ಆ ಸರ್ಕಾರವೇ ಇರಲಿಲ್ಲ.

ಅದೇ ೨೦೨೦ರಲ್ಲಿ ಕಾಬೂಲಿನಲ್ಲಿ ಜಹ್ರಾ ಜೋಯಾ ಎಂಬ ಇನ್ನೊಬ್ಬ ಪತ್ರಿಕೋದ್ಯೋಗಿ, ಕೈಯಲ್ಲಿದ್ದ ಹಣವನ್ನು ಹಾಕಿ, ಹೆಂಗಸರ ಸುದ್ದಿಗೇ ಮೀಸಲಾದ ಸಂಸ್ಥೆಯೊಂದನ್ನು ಕಟ್ಟಿದರು. ಅದಕ್ಕೆ ‘ರುಖ್‌ಶಾನಾ’ ಎಂದು ಹೆಸರಿಟ್ಟರು. ರುಖ್‌ಶಾನಾ ಘೋರ್ ಪ್ರಾಂತದ ಹತ್ತೊಂಬತ್ತು ವರ್ಷದ ಹುಡುಗಿ. ಒತ್ತಾಯದ ಮದುವೆಯನ್ನು ಒಲ್ಲದೆ ತನಗೆ ಬೇಕಾದವನೊಡನೆ ಓಡಿಹೋದಳೆಂಬ ಆರೋಪದ ಮೇಲೆ ೨೦೧೫ರಲ್ಲಿ ಅವಳನ್ನು ಗುಂಡಿಯಲ್ಲಿ ನಿಲ್ಲಿಸಿ ಕಲ್ಲು ಹೊಡೆದು ಕೊಂದರು; ಹುಡುಗನಿಗೆ ಛಡಿ ಏಟು ಕೊಟ್ಟು ಬಿಟ್ಟರು. ಆಗ ಆ ಪ್ರಾಂತದ ರಾಜ್ಯಪಾಲರು ಒಬ್ಬ ಮಹಿಳೆಯೇ ಆಗಿದ್ದರೆಂಬುದನ್ನೂ ಹೇಳಬೇಕು. ಪದವಿಯಲ್ಲಿ ಹೆಂಗಸಿದ್ದ ಮಾತ್ರಕ್ಕೆ ಹಳ್ಳಿಯ ಗುಂಡಿ ಮುಚ್ಚಿಹೋಗುವುದಿಲ್ಲ. ತಂದೆಯ ಹೆಸರೂ ಇಲ್ಲದೆ, ಮನೆತನದ ಹೆಸರೂ ಇಲ್ಲದೆ, ಬರಿಯ ರುಖ್‌ಶಾನಾ ಎಂದೇ ಅವಳು ಲೋಕಕ್ಕೆ ತಿಳಿದದ್ದು. ಆ ಒಂಟಿ ಹೆಸರು ಈಗ ಪ್ರತಿ ಸುದ್ದಿಯ ನೆತ್ತಿಯ ಮೇಲಿದೆ.

ಜೋಯಾ ಅವರ ಸ್ವಂತ ಹೆಸರಿನ ಕಥೆಯೂ ಸ್ವಾರಸ್ಯವಾದದ್ದೇ. ಅವರು ಬಾಮಿಯಾನ್ ಪ್ರಾಂತದ ಹಜಾರಾ ಜನಾಂಗದವರು. ತಾಲಿಬಾನರ ಮೊದಲನೆಯ ಆಳ್ವಿಕೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಇರಲಿಲ್ಲ. ಐದು ವರ್ಷದ ಹುಡುಗಿ ಗಂಡು ಹುಡುಗನ ಬಟ್ಟೆ ತೊಟ್ಟು, ಮೊಹಮ್ಮದ್ ಎಂದು ಹೆಸರು ಹೇಳಿಕೊಂಡು ಶಾಲೆಗೆ ನಡೆದಳು. ೨೦೦೧ರಲ್ಲಿ ಆ ಆಳ್ವಿಕೆ ಬಿದ್ದ ಮೇಲೆ ತನ್ನ ಹೆಸರಿಗೆ ತಾನು ಮರಳಿದಳು. ಕಾಬೂಲಿನಲ್ಲಿ ಕಾನೂನು ಓದಿದಳು, ಪತ್ರಿಕೆಗೆ ಸೇರಿದಳು. ಇಪ್ಪತ್ತು ವರ್ಷಗಳ ಮೇಲೆ ಅದೇ ಜನ ಅದೇ ನಿಷೇಧವನ್ನು ಹೊತ್ತು ಬಂದಾಗ ಅವರು ಬ್ರಿಟಿಷ್ ಸರ್ಕಾರದ ವಿಮಾನದಲ್ಲಿ ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ನಿರಾಶ್ರಿತರಿಗೆ ಕೊಟ್ಟ ಹೋಟೆಲಿನ ಕೋಣೆಯೇ ‘ರುಖ್‌ಶಾನಾ’ದ ಸಂಪಾದಕೀಯ ಕಚೇರಿಯಾಯಿತು. ೨೦೨೦ರಲ್ಲಿ ಕಾಬೂಲ್ ನಗರವೊಂದರಲ್ಲೇ ೭೦೦ ಮಂದಿ ಪತ್ರಕರ್ತೆಯರಿದ್ದರು. ನಗರ ತಾಲಿಬಾನರ ಕೈಸೇರಿದ ಹದಿನೈದು ದಿನಗಳೊಳಗೆ ಖಾಸಗಿ ರೇಡಿಯೋ ಟೆಲಿವಿಷನ್‌ಗಳಲ್ಲಿ ಕೆಲಸದಲ್ಲಿ ಉಳಿದವರು ೧೦೦ಕ್ಕಿಂತ ಕಡಿಮೆ ಎಂದು ‘ಗಡಿರಹಿತ ವರದಿಗಾರರು’ ಎಂಬ ಸಂಸ್ಥೆ ಲೆಕ್ಕ ಕೊಟ್ಟಿತು.

ಹೀಗೆ ಊರು ಬಿಟ್ಟವರನ್ನು ಕುರಿತು ಒಂದು ಮಾತು ಆಗಾಗ ಕೇಳಿಬರುತ್ತದೆ. ಲಂಡನ್ನಿನಲ್ಲಿ ಬೆಚ್ಚಗೆ ಕುಳಿತವರಿಗೆ ಕಾಬೂಲಿನ ಚಳಿ ಏನು ಗೊತ್ತು ಎಂಬ ಮಾತು. ಇದನ್ನು ಹೇಳುವವರೆಲ್ಲ ದುಷ್ಟರಲ್ಲ. ದೂರ ಹೋದವನ ಮನಸ್ಸಿನಲ್ಲಿ ಊರು ತಾನು ಬಿಟ್ಟ ದಿನದಲ್ಲೇ ನಿಂತುಹೋಗುವುದುಂಟು. ಪರದೇಶದಲ್ಲಿರುವ ನಮ್ಮವರೇ ಎಷ್ಟೋ ಮಂದಿ ಮೂವತ್ತು ವರ್ಷದ ಹಿಂದಿನ ಮೈಸೂರನ್ನು ನಮಗೆ ವರ್ಣಿಸಿ ಹೇಳುವುದಿಲ್ಲವೇ? ಆದರೆ ಈ ಪತ್ರಿಕೆಗಳ ಮಟ್ಟಿಗೆ ಆ ಆಕ್ಷೇಪಣೆ ಸಲ್ಲದೆಂದು ನನಗೆ ತೋರುತ್ತದೆ. ಹೊರಗಿನವರು ನೆನಪಿನಿಂದ ಬರೆಯುತ್ತಿಲ್ಲ. ಒಳಗಿರುವ ಹೆಸರಿಲ್ಲದ ಹೆಂಗಸರು ಬರೆದು ಕಳಿಸಿದ್ದನ್ನು ತಾಳೆ ನೋಡಿ, ತಿದ್ದಿ, ತಮ್ಮ ಹೆಸರಿನ ಮರೆಯಲ್ಲಿ ಪ್ರಕಟಿಸುತ್ತಿದ್ದಾರೆ.

ಒಂದು ಉದಾಹರಣೆ ಕೊಡುತ್ತೇನೆ. ಆರನೆಯ ತರಗತಿಯಿಂದಾಚೆಗೆ ಹುಡುಗಿಯರ ಶಾಲೆಗಳು ೨೦೨೧ರಲ್ಲೇ ಮುಚ್ಚಿದವು. ೨೦೨೨ರ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳ ಬಾಗಿಲೂ ಮುಚ್ಚಿತು. ಮನೆಯೊಳಗೆ ಸೇರಿಸಲ್ಪಟ್ಟ ಈ ಹುಡುಗಿಯರು ಏನಾದರು? ಆಸ್ಪತ್ರೆಗಳು ಅಂಕೆ ಅಂಶಗಳನ್ನು ಹೊರಗೆ ಬಿಡಕೂಡದೆಂದು ಆಜ್ಞೆಯಾಗಿತ್ತು. ಆದರೂ ದೇಶದ ಸುಮಾರು ಮೂರನೆಯ ಒಂದು ಪಾಲು ಪ್ರಾಂತಗಳಿಂದ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರ ಮೂಲಕ, ಗುಟ್ಟಾಗಿ, ಒಂದು ವರ್ಷದ ಆತ್ಮಹತ್ಯೆಯ ಪ್ರಕರಣಗಳ ಲೆಕ್ಕ ‘ಜನ್ ಟೈಮ್ಸ್’ಗೆ ಬಂತು, ೨೦೨೩ರ ಆಗಸ್ಟಿನಲ್ಲಿ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯೂ ಅದನ್ನು ಪ್ರಕಟಿಸಿತು. ಸತ್ತವರನ್ನೂ ಬದುಕಿಸಿಕೊಂಡವರನ್ನೂ ಸೇರಿಸಿ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಂಗಸರು ಹುಡುಗಿಯರು. ಲೋಕದ ಬೇರೆ ಕಡೆಗಳಲ್ಲಿ ಈ ರೀತಿ ಸಾಯುವವರಲ್ಲಿ ಗಂಡಸರೇ ಹೆಚ್ಚು. ಆ ಲೆಕ್ಕದ ಒಂದೊಂದು ಅಂಕಿಯನ್ನೂ ಯಾರೋ ಒಬ್ಬ ದಾದಿಯೋ ವೈದ್ಯನೋ ನೌಕರಿಯನ್ನು, ಅದಕ್ಕಿಂತ ಹೆಚ್ಚಿನದನ್ನು, ಪಣವಿಟ್ಟು ಬರೆದುಕೊಂಡಿರಬೇಕು. ಕೆನಡದಲ್ಲಿ ಕುಳಿತು ಊಹಿಸಿ ಬರೆಯುವ ಲೆಕ್ಕವಲ್ಲ ಅದು.

ಒಳಗಿನವರಿಗೂ ಹೊರಗಿನವರಿಗೂ ಇರುವ ಈ ಎಳೆಯೇ ಆಳುವವರ ಕಣ್ಣಿಗೆ ಅಪರಾಧ. ಹಮೀದಾ ಅಮಾನ್ ಎಂಬಾಕೆ ೨೦೨೧ರ ಮಾರ್ಚಿಯಲ್ಲಿ ಕಾಬೂಲಿನಲ್ಲಿ ‘ರೇಡಿಯೋ ಬೇಗಂ’ ಎಂಬ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ೨೦೨೪ರಲ್ಲಿ ಪ್ಯಾರಿಸ್ಸಿನಿಂದ ಅದೇ ಹೆಸರಿನ ಟೆಲಿವಿಷನ್ ಆರಂಭವಾಯಿತು. ಏಳರಿಂದ ಹನ್ನೆರಡನೆಯ ತರಗತಿಯ ಪಾಠಗಳನ್ನು ಆಕಾಶಮಾರ್ಗವಾಗಿ ಅಫಘಾನ್ ಮನೆಗಳಿಗೆ ಇಳಿಸುವುದು ಅದರ ಕೆಲಸ. ೨೦೨೫ರ ಫೆಬ್ರವರಿಯಲ್ಲಿ ತಾಲಿಬಾನರು ಕಾಬೂಲಿನ ಕೇಂದ್ರವನ್ನು ಶೋಧಿಸಿ ಮುಚ್ಚಿಸಿದರು. ಪರದೇಶದ ಟೆಲಿವಿಷನ್ನಿಗೆ ಕಾರ್ಯಕ್ರಮ ಒದಗಿಸಿದ್ದು ಅವರು ಹೊರಿಸಿದ ದೋಷಗಳಲ್ಲೊಂದು. ಕೆಲವು ವಾರಗಳ ಮೇಲೆ ಮತ್ತೆ ಅನುಮತಿ ಸಿಕ್ಕಿತು. ಬೀಜಗಣಿತ ಕಲಿಸುವುದರಿಂದ ಒಂದು ರಾಜ್ಯ ಅಲ್ಲಾಡೀತೆಂದು ನಂಬುವವರನ್ನು ಕಂಡು ನಗುವುದೋ ಅಳುವುದೋ ತಿಳಿಯದು.

ದೇಶಾಂತರಕ್ಕೂ ಅಫಘಾನ್ ಹೆಂಗಸರ ಪತ್ರಿಕೆಗೂ ಇರುವ ಸಂಬಂಧ ನಿನ್ನೆ ಮೊನ್ನೆಯದಲ್ಲ. ಆ ದೇಶದ ಮೊದಲನೆಯ ಮಹಿಳಾ ಪತ್ರಿಕೆ ‘ಇರ್ಷಾದ್-ಎ-ನಿಸ್ವಾನ್’ ಹೊರಟದ್ದು ೧೯೨೧ರಲ್ಲಿ, ರಾಣಿ ಸೊರಾಯಾಳ ಪೋಷಣೆಯಲ್ಲಿ. ಸಂಪಾದಕಿ ಅವಳ ತಾಯಿ ಅಸ್ಮಾ ರಸ್ಮಿಯಾ. ಈ ತಾಯಿಮಕ್ಕಳಿಗೆ ಇಂಥ ಯೋಚನೆ ಎಲ್ಲಿಂದ ಬಂತೆಂದರೆ, ಉತ್ತರ ಡಮಾಸ್ಕಸ್ಸಿನಲ್ಲಿದೆ. ಸೊರಾಯಾಳ ತಂದೆ ಮಹಮೂದ್ ತರ್ಜಿ ಅಮೀರನ ಕೋಪಕ್ಕೆ ಗುರಿಯಾದ ಮನೆತನದವನು. ಗಡಿಪಾರಾಗಿ ಸಿರಿಯಾದಲ್ಲಿ ಬೆಳೆದವನು. ಅಸ್ಮಾ ಅಲ್ಲಿಯ ಹೆಣ್ಣು. ಸೊರಾಯಾ ಹುಟ್ಟಿದ್ದೂ ಅಲ್ಲೇ. ಕುಟುಂಬ ಸ್ವದೇಶಕ್ಕೆ ಮರಳುವಾಗ ಪತ್ರಿಕೆ ಎಂಬ ಹವ್ಯಾಸವನ್ನೂ ಗಂಟಿನಲ್ಲಿ ತಂದಿತು. ೧೯೨೯ರಲ್ಲಿ ದೊರೆ ಅಮಾನುಲ್ಲಾ ಸಿಂಹಾಸನ ಬಿಟ್ಟು ಓಡಬೇಕಾದಾಗ ರಾಣಿ ತುಂಬು ಗರ್ಭಿಣಿ, ಮುಂಬಯಿಯಲ್ಲಿ ಹೆರಿಗೆಯಾಯಿತು. ಮಗುವಿಗೆ ‘ಇಂಡಿಯಾ’ ಎಂದು ಹೆಸರಿಟ್ಟರು. ರೋಮಿನಲ್ಲಿ ಉಳಿದ ಸೊರಾಯಾ ೧೯೬೮ರಲ್ಲಿ ಅಲ್ಲೇ ತೀರಿಕೊಂಡಳು.

ಪರದೇಶವೆಂದರೆ ಯಾವಾಗಲೂ ಲಂಡನ್ನೂ ಅಲ್ಲ. ಮೀನಾ ಎಂಬಾಕೆ ೧೯೮೧ರಲ್ಲಿ ‘ಪಯಾಮ್-ಎ-ಜನ್’ ಎಂಬ ಪತ್ರಿಕೆ ಆರಂಭಿಸಿದಳು; ಹೆಂಗಸಿನ ಸಂದೇಶ ಎಂದು ಅದರ ಅರ್ಥ. ರಷ್ಯದ ಸೈನ್ಯವನ್ನೂ ವಿರೋಧಿಸಿದಳು, ಮತದ ಹೆಸರಿನ ಗುಂಪುಗಳನ್ನೂ ವಿರೋಧಿಸಿದಳು. ಎರಡೂ ಕಡೆಯವರಿಗೆ ಬೇಡವಾದಳು. ಗಡಿ ದಾಟಿ ಪಾಕಿಸ್ತಾನದ ಕ್ವೆಟ್ಟಾಕ್ಕೆ ಹೋದರೆ ಅಲ್ಲಿಯೇ ೧೯೮೭ರ ಫೆಬ್ರವರಿಯಲ್ಲಿ ಅವಳ ಕೊಲೆಯಾಯಿತು. ಅವಳಿಗೆ ಮೂವತ್ತು ವರ್ಷ. ಇಂದು ಇಸ್ಲಾಮಾಬಾದಿನ ಬಾಡಿಗೆ ಕೋಣೆಗಳಲ್ಲಿ ವೀಸಾಕ್ಕಾಗಿ ಕಾದಿರುವ ಅಫಘಾನ್ ಪತ್ರಕರ್ತೆಯರ ವಿಷಯ ಓದುವಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ೨೦೨೩ರ ಕೊನೆಯಿಂದ ಪಾಕಿಸ್ತಾನ ಅಫಘಾನರನ್ನು ಹಿಂದಕ್ಕೆ ಕಳಿಸಲು ತೊಡಗಿದ ಮೇಲೆ ಅವರಿಗೆ ಬಾಗಿಲು ತಟ್ಟಿದ ಶಬ್ದವೇ ಭಯ.

ಈ ವಿಷಯ ನಮ್ಮ ಮನೆ ಬಾಗಿಲಿಗೂ ಒಮ್ಮೆ ಬಂದಿತ್ತು. ೨೦೨೫ರ ಅಕ್ಟೋಬರ್ ೧೦ರಂದು ತಾಲಿಬಾನರ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಖಿ ದೆಹಲಿಯ ಅಫಘಾನ್ ರಾಯಭಾರ ಕಚೇರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಒಳಗೆ ಗಂಡಸರು ಮಾತ್ರ. ನಮ್ಮ ವರದಿಗಾರ್ತಿಯರು ಹೊರಗೆ. ದೊಡ್ಡ ಗದ್ದಲವಾಯಿತು, ಆಗಬೇಕಾದದ್ದೇ. ಎರಡು ದಿನದ ಮೇಲೆ ಇನ್ನೊಂದು ಗೋಷ್ಠಿ ಕರೆದು, ಮೊದಲಿನದು ಬರಿಯ ವ್ಯವಸ್ಥೆಯ ತೊಡಕೆಂದು ಸಮಜಾಯಿಷಿ ಹೇಳಿದರು. ಆ ಸಲ ಹೆಂಗಸರು ಮುಂದಿನ ಸಾಲಿನಲ್ಲಿ ಕುಳಿತು ಹೆಣ್ಣುಮಕ್ಕಳ ಶಾಲೆಯ ಮಾತನ್ನೇ ಎತ್ತಿದರು. ನನಗೆ ಸಂತೋಷವಾಯಿತು. ಕಾಬೂಲಿನ ಹುಡುಗಿ ಕೇಳಲಾರದ ಪ್ರಶ್ನೆಯನ್ನು ದೆಹಲಿಯ ಹುಡುಗಿ, ಸ್ವಂತ ಹೆಸರು ಹೇಳಿ, ಅದೇ ಮಂತ್ರಿಯ ಮುಖ ನೋಡಿ ಕೇಳಿದಳಲ್ಲ ಎಂದು.

ಅದಕ್ಕೆ ಕೆಲವು ದಿನ ಮುಂಚೆ, ಸೆಪ್ಟೆಂಬರ್ ೨೯ರಂದು, ಅಫಘಾನಿಸ್ತಾನದಲ್ಲಿ ಅಂತರ್ಜಾಲವೂ ದೂರವಾಣಿಯೂ ಒಮ್ಮೆಗೇ ನಿಂತುಹೋಗಿದ್ದವು. ಸುಮಾರು ೪೮ ಗಂಟೆಗಳ ಕಾಲ ದೇಶಕ್ಕೆ ದೇಶವೇ ಮೂಕವಾಗಿತ್ತು. ಬ್ಯಾಂಕು ನಿಂತಿತು, ವಿಮಾನ ನಿಂತಿತು ಎಂದು ಪತ್ರಿಕೆಗಳು ಬರೆದವು. ನಾನು ಯೋಚಿಸುತ್ತಿದ್ದದ್ದು ಕೆನಡದ, ಲಂಡನ್ನಿನ ಆ ಸಂಪಾದಕಿಯರನ್ನು. ಒಳಗಿರುವ ಹುಡುಗಿಯ ನಿಜವಾದ ಹೆಸರು ಅವರಿಗೆ ಗೊತ್ತು. ಮನೆಗೆ ಸುದ್ದಿ ಕಳಿಸಿ ವಿಚಾರಿಸುವಂತಿಲ್ಲ, ಪೊಲೀಸರನ್ನು ಕೇಳುವಂತಿಲ್ಲ, ಆ ಹೆಸರನ್ನು ಯಾರೆದುರಿಗೂ ಆಡುವಂತಿಲ್ಲ. ಅಕ್ಟೋಬರ್ ಒಂದರ ಸಂಜೆ ತಂತಿಗಳಿಗೆ ಜೀವ ಬಂತು. ಒಬ್ಬೊಬ್ಬಳೂ ತನ್ನ ಸುಳ್ಳು ಹೆಸರಿನಲ್ಲಿ ‘ಇದ್ದೇನೆ’ ಎಂದು ಒಂದೊಂದು ಸಾಲು ಕಳಿಸಿರಬೇಕು. ಓದಿದೊಡನೆ ಅದನ್ನು ಅಳಿಸಿಯೂ ಇರಬೇಕು.